ಅಣಕು ನ್ಯಾಯಾಲಯ ನಾಟಕವಲ್ಲ

ಮಕ್ಕಳ ಇಂಜಿನಿಯರಿಂಗ್, ವೈದ್ಯಕೀಯ ಶಿಕ್ಷಣಕ್ಕೆ ಸಾಲ ಮಾಡಲೂ ಸಿದ್ಧರಿರುವ ಹೆತ್ತವರು, ಕಾನೂನು ಓದುವ ಮಗಳು ಅಣಕು ನ್ಯಾಯಾಲಯ ಸ್ಪರ್ಧೆಗೆ ಹೊರಟರೆ ಮಾತ್ರ 'ಇದೆಂಥ ನಾಟಕ?' ಎನ್ನುತ್ತಾರೆ.

ಅದು ನಾಟಕವಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಅಣಕು ನ್ಯಾಯಾಲಯವು ಕಡ್ಡಾಯ ಪ್ರಾಯೋಗಿಕ ಪಠ್ಯದ ಭಾಗ. ಅದಕ್ಕೆ 30 ಅಂಕಗಳಿವೆ. ಕಾಲೇಜುಗಳ ನಡುವಿನ ಸ್ಪರ್ಧೆ ಅದರ ಮುಂದಿನ ಮೆಟ್ಟಿಲು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ತಂಡವು 1999 ಮತ್ತು 2013ರಲ್ಲಿ ಜೆಸ್ಸಪ್ ಅಂತಾರಾಷ್ಟ್ರೀಯ ಸ್ಪರ್ಧೆಯನ್ನೇ ಗೆದ್ದಿತ್ತು.

ಆದರೆ ಬಹುಮಾನಕ್ಕಿಂತ ಮುಖ್ಯವಾದ ಪಾಠವೊಂದು ಇಲ್ಲಿದೆ. ಸಾಮಾನ್ಯವಾಗಿ ಒಂದೇ ತಂಡವು ಅರ್ಜಿದಾರರ ಪರವಾಗಿಯೂ ಪ್ರತಿವಾದಿಗಳ ಪರವಾಗಿಯೂ ವಾದವನ್ನು ಸಿದ್ಧಪಡಿಸಬೇಕು. ನ್ಯಾಯಪೀಠವು ನಡುವೆಯೇ ತಡೆದು ಪ್ರಶ್ನಿಸುತ್ತದೆ. ಅಲ್ಲಿ ಆವೇಶಕ್ಕೆ ಬೆಲೆಯಿಲ್ಲ, ಆಧಾರ ಬೇಕು. ಅನ್ಯಾಯವಾಯಿತೆಂದು ವೇದಿಕೆಯಲ್ಲಿ ಗುಡುಗುವವರು ನಮ್ಮಲ್ಲಿ ಅನೇಕರಿದ್ದಾರೆ. ಅದನ್ನೇ ಕಾನೂನಿನ ಕಲಮುಗಳೊಂದಿಗೆ ನ್ಯಾಯಾಲಯದ ಮುಂದಿಡಬಲ್ಲವರು ಎಷ್ಟು ಮಂದಿ?

ಜಯನಗರ, ಬಿಟಿಎಂ ಲೇಔಟ್‌ಗಳ ಜಮಾಅತ್‌ಗಳು ವಿದ್ಯಾರ್ಥಿವೇತನ ನೀಡುವಾಗ ಸ್ಪರ್ಧೆಯ ಶುಲ್ಕ ಮತ್ತು ಪ್ರಯಾಣ ವೆಚ್ಚವನ್ನೂ ಪರಿಗಣಿಸಲಿ. ಸಮುದಾಯದ ಹಿರಿಯ ವಕೀಲರು ರವಿವಾರ ಎರಡು ಗಂಟೆ ನ್ಯಾಯಾಧೀಶರಂತೆ ಕುಳಿತು ಈ ಮಕ್ಕಳನ್ನು ಪ್ರಶ್ನಿಸಲಿ. ಮಗಳನ್ನು ಒಬ್ಬಳೇ ಕಳುಹಿಸಲು ಅಳುಕಿದ್ದರೆ ತಂದೆಯೇ ಜೊತೆಗೆ ಹೋಗಲಿ. ಹಿಂದಿನ ಸಾಲಿನಲ್ಲಿ ಕುಳಿತು ಅವಳ ವಾದವನ್ನು ಕೇಳಲಿ.