ಹಾಡಲು ಬಂದವರನ್ನು ಹಿಂದಕ್ಕೆ ಕಳುಹಿಸಬಹುದೇ?

ಮಳೆಗಾಲವು ಹಿಂದಾಗಿ ಸಂಜೆಗಳು ತಂಪೇರಿದೊಡನೆ ನಮ್ಮ ಊರುಗಳಲ್ಲಿ ಕೂಡುಹಾಡಿನ ಮಂಡಳಿಗಳು ಎಚ್ಚತ್ತುಕೊಳ್ಳುವವು. ಕ್ರಿಸ್ಮಸ್ಸಿಗೆ ಮುಂಚಿನ ಕೆಲವೇ ವಾರಗಳಲ್ಲಿ ಕಚೇರಿಗಳೆಲ್ಲ ನಡೆಯತಕ್ಕವಾಗಿರುವದರಿಂದ ಅಕ್ಟೋಬರದಲ್ಲಿಯೇ ಹಾರ್ಮೋನಿಯಮ್ಮಿನ ಧೂಳು ಒರಸಿ, ಹಳೆಯ ಹಾಡಿನ ಪುಸ್ತಕಗಳನ್ನು ಹುಡುಕಿ ತೆಗೆಯುವರು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂಥ ಮಂಡಳಿಗಳಲ್ಲಿ ಸೇರಿರುವರೆಂಬದು ಸಂತೋಷದ ಸಂಗತಿ. ಆದರೂ ಈ ಋತುವಿನ ಆರಂಭದಲ್ಲಿಯೇ ಒಂದು ಪ್ರಶ್ನೆಯನ್ನು ಎತ್ತಬೇಕೆಂದು ನಮಗೆ ತೋರುತ್ತದೆ. ಅದು ಕೆಲವರಿಗೆ ರುಚಿಸದಿದ್ದರೆ ಸೋದರಿಯರೂ ಪಾಲಕರೂ ಮನ್ನಿಸಬೇಕು.

ಕೆಲವು ವರುಷಗಳ ಕೆಳಗೆ ನಮ್ಮವರಲ್ಲೊಬ್ಬರು, ಅರುವತ್ತು ದಾಟಿದ ಹಿರಿಯ ಅಕ್ಕನವರು, ಒಂದು ಮಂಡಳಿಯ ಅಭ್ಯಾಸಕ್ಕೆ ಎಂಟು ವಾರ ತಪ್ಪದೆ ಹೋದರು. ಕಚೇರಿಯ ಹಿಂದಿನ ಸಂಜೆ ಹಾಡಿಸುವವರು ಅವರನ್ನು ಬದಿಗೆ ಕರೆದು, “ನಾಳೆ ನೀವು ಸಾಲಿನಲ್ಲಿ ನಿಲ್ಲಿರಿ, ಬಾಯಿಯನ್ನು ಮಾತ್ರ ಆಡಿಸಿರಿ, ಸ್ವರ ಹೊರಡಿಸಬೇಡಿರಿ” ಎಂದರಂತೆ. ಅಕ್ಕನವರು ಹಾಗೆಯೇ ನಿಂತರು. ಕಚೇರಿಯು ಬಹಳ ಚೆನ್ನಾಯಿತೆಂದು ಎಲ್ಲರೂ ಹೊಗಳಿದರು. ಅಂದಿನಿಂದ ಅವರು ಅಡಿಗೆಮನೆಯಲ್ಲಿ ಕೂಡ ಹಾಡಿದ್ದನ್ನು ನಾವು ಕೇಳಲಿಲ್ಲ.

ಹಾಡಿಸುವವರ ಪಕ್ಷದಲ್ಲಿಯೂ ನ್ಯಾಯವಿಲ್ಲದಿಲ್ಲ. ಹಣ ಕೊಟ್ಟು ಟಿಕೇಟು ಕೊಂಡವರು ಅಪಸ್ವರವನ್ನು ಕೇಳಲು ಬರುವದಿಲ್ಲ. ನಾಲ್ಕು ಧ್ವನಿಗಳ ಹಾಡಿನಲ್ಲಿ ಒಬ್ಬರು ತಪ್ಪಿದರೆ ಪಕ್ಕದ ಮೂವರು ತಪ್ಪುವರು. ಆದರೆ ಎಂಟು ವಾರಗಳಲ್ಲಿ ಒಮ್ಮೆಯೂ ಆ ತಪ್ಪನ್ನು ತಿದ್ದದೆ, ಕಡೆಯ ದಿನ ಬಾಯಿಗೆ ಬೀಗ ಹಾಕುವದು ಯಾವ ಶಿಕ್ಷಣಪದ್ಧತಿ? ತಿದ್ದಲಿಕ್ಕೆ ಸಾಧನವಿಲ್ಲವೆಂದು ಯಾರೂ ಹೇಳಲಾರರು. ನಾವು ಶಾಲೆಯಲ್ಲಿ ಕಲಿತ ಡೋ ರೇ ಮೀ ಪದ್ಧತಿಯನ್ನು ನೆನಸಿರಿ. ಇಂಗ್ಲೆಂಡಿನ ನಾರ್ವಿಚ್ ಪಟ್ಟಣದಲ್ಲಿ ಸೇರಾ ಗ್ಲೋವರ್ ಎಂಬ ಉಪಾಧ್ಯಾಯಿನಿಯು ಸಂಗೀತದ ಲಿಪಿಯನ್ನು ಅರಿಯದ ಬಡ ಮಕ್ಕಳಿಗಾಗಿ ಒಂದು ಸುಲಭ ಕ್ರಮವನ್ನು ಕಟ್ಟಿ 1835ರಲ್ಲಿ ಅದನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದಳು. ಜಾನ್ ಕರ್ವೆನ್ ಎಂಬ ಬೋಧಕನು ಅದನ್ನು ತಿದ್ದಿ ಲೋಕದಲ್ಲೆಲ್ಲಾ ಹರಡಿದನು. ನಮ್ಮ ಷಡ್ಜವು ಹಾಡುವವನ ಕಂಠಕ್ಕೆ ತಕ್ಕಂತೆ ಏರಿ ಇಳಿಯುವ ಹಾಗೆಯೇ ಆ ಪದ್ಧತಿಯ ಡೋ ಕೂಡ ಯಾವ ಶ್ರುತಿಯಲ್ಲಾದರೂ ನಿಲ್ಲುತ್ತದೆ. ಸ ರಿ ಗ ಮ ಬಲ್ಲ ಹುಡುಗಿಗೆ ಅದು ಹೊಸತಲ್ಲ. ಹಾಡಲಾರದವರಿಗೆ ಹಾಡು ಕಲಿಸಲೆಂದೇ ಹುಟ್ಟಿದ ಪದ್ಧತಿಯಿಂದ ಕಲಿತ ನಾವು ಹಾಡಲಾರದವರನ್ನು ಹೊರಗಿಡುವದು ವಿಚಿತ್ರವೇ ಸರಿ.

ಇನ್ನೊಂದು ಮಾತು. ದೀರ್ಘವಾದ ಸ್ವರವನ್ನು ಮಂಡಳಿಯು ಹಿಡಿಯುವ ಬಗೆಯನ್ನು ಬಲ್ಲಿರಲ್ಲವೇ? ಒಂದೇ ಉಸುರಿನಲ್ಲಿ ಅದನ್ನು ಯಾರೂ ಮುಗಿಸರು. ಒಬ್ಬಳು ಸದ್ದಿಲ್ಲದೆ ಉಸುರು ತಕ್ಕೊಳ್ಳುವಾಗ ಪಕ್ಕದವಳು ಹಿಡಿದಿರುವಳು. ಅವಳು ನಿಲ್ಲಿಸಿದಾಗ ಇವಳು ಮೆಲ್ಲನೆ ಸೇರಿಕೊಳ್ಳುವಳು. ಕೇಳುವವರಿಗೆ ಸ್ವರವು ಕಡಿಯದ ನೂಲಿನಂತೆ ತೋರುವದು. ಇಂಥ ಕೆಲಸಕ್ಕೆ ಹತ್ತು ಮಂದಿ ಪ್ರವೀಣರಿಗಿಂತ ಒಬ್ಬರನ್ನೊಬ್ಬರು ಕಿವಿಗೊಟ್ಟು ಕೇಳುವ ಮೂವತ್ತು ಮಂದಿ ಸಾಧಾರಣರು ಮೇಲೆಂದು ನಮ್ಮ ಅನುಭವ. ಎಲ್ಲರೂ ಮೇಲಿನ ರಾಗವನ್ನೇ ಹಾಡಬಯಸುವರು, ಆಲ್ಟೋ ಸಾಲು ವರುಷವರುಷವೂ ಬರಿದಾಗಿರುವದು. ತಗ್ಗಿದ ಕಂಠದ ಹಿರಿಯ ಹೆಂಗಸರಿಗೆ ಅಲ್ಲಿ ಎಡೆ ಇದ್ದೇ ಇದೆ!

2020ರ ಮಾರ್ಚಿಯಲ್ಲಿ ಅಮೇರಿಕದ ವಾಷಿಂಗ್ಟನ್ ಸಂಸ್ಥಾನದಲ್ಲಿ ಒಂದು ಮಂಡಳಿಯ ಒಂದೇ ಸಂಜೆಯ ಅಭ್ಯಾಸಕ್ಕೆ ಬಂದಿದ್ದ 61 ಮಂದಿಯಲ್ಲಿ 53 ಮಂದಿಗೆ ಕೊರೋನಾ ರೋಗ ತಗಲಿ ಇಬ್ಬರು ತೀರಿಹೋದರು. ಆ ಮೇಲೆ ಲೋಕದ ಮಂಡಳಿಗಳೆಲ್ಲಾ ಬಹುಕಾಲ ಮೂಕವಾದವು. ಅಂಥ ಕಾಲವನ್ನು ಕಂಡ ನಾವು, ಹಾಡುವೆನೆಂದು ಬಾಗಿಲಿಗೆ ಬಂದವರನ್ನು ಹಿಂದಕ್ಕೆ ಕಳುಹಿಸುವಷ್ಟು ಸಿರಿವಂತರಾಗಿರುವೆವೇ? ಕಿಟಕಿಗಳನ್ನು ತೆರೆದಿಟ್ಟು ಎಲ್ಲರನ್ನೂ ಒಳಗೆ ಕರೆಯೋಣ.

ಕಚೇರಿಯ ಗೌರವವು ಕೆಡುವದೆಂದು ಅಂಜುವವರಿಗೆ ಹೆಂಡೆಲನ ‘ಮೆಸಾಯ’ದ ಮೊದಲನೆಯ ಕಚೇರಿಯನ್ನು ನೆನಪಿಗೆ ತರುತ್ತೇವೆ. 1742ರ ಏಪ್ರಿಲ್ 13ರಂದು ಡಬ್ಲಿನ್ ಪಟ್ಟಣದಲ್ಲಿ ಅದು ನಡೆದಾಗ, ಹೆಚ್ಚು ಜನರಿಗೆ ಸ್ಥಳವಾಗಲೆಂದು ಹೆಂಗಸರು ಲಂಗದ ಬಳೆಗಳನ್ನೂ ಗಂಡಸರು ಕತ್ತಿಗಳನ್ನೂ ಮನೆಯಲ್ಲಿಟ್ಟು ಬರಬೇಕೆಂದು ಬಿನ್ನವಿಸಿದ್ದರು. ಕೂಡಿದ ಹಣದಿಂದ ಸಾಲಕ್ಕಾಗಿ ಸೆರೆಯಲ್ಲಿದ್ದ 142 ಮಂದಿಗೆ ಬಿಡುಗಡೆಯಾಯಿತು. ಎರಡು ಆಸ್ಪತ್ರೆಗಳಿಗೂ ಪಾಲು ಸಂದಿತು. ಜಾಗ ಮಾಡಿಕೊಟ್ಟುದರಿಂದ ಆ ಕೃತಿಯ ಮಾನವು ಕುಂದಲಿಲ್ಲ.

ಮಂಡಳಿಗಳ ಹಿರಿಯರಲ್ಲಿ ನಮ್ಮ ಬಿನ್ನಹಗಳು ಹೆಚ್ಚಿಲ್ಲ. ಪ್ರತಿ ಕಚೇರಿಯಲ್ಲಿ ಒಂದೆರಡು ಕನ್ನಡ ಹಾಡುಗಳಿರಲಿ. ಕಿಟೆಲ್ ಪಂಡಿತರು 1862ರಷ್ಟು ಹಿಂದೆಯೇ ತಮ್ಮ ‘ಕಥಾಮಾಲೆ’ಯನ್ನು ಈ ನಾಡಿನ ಛಂದಸ್ಸಿನಲ್ಲಿ ಕಟ್ಟಿದರು, ನಾವು ಇಂದಿಗೂ ನಾಡಿನ ಧಾಟಿಗಳಿಗೆ ನಾಚುವದೇಕೆ? ಒಂದೇ ರಾಗವನ್ನು ಎಲ್ಲರೂ ಕೂಡಿ ಹಾಡುವ ಅಂಥ ಪದಗಳಲ್ಲಿ ಹೊಸಬರಿಗೂ ಅಂಜಿಕೆಯಿರದು. ಅಭ್ಯಾಸವು ಕತ್ತಲಾಗುವ ಮುಂಚೆ ಮುಗಿದರೆ ದೂರದಿಂದ ಬರುವ ಹೆಣ್ಣುಮಕ್ಕಳಿಗೆ ಅನುಕೂಲ. ಪಾಲಕರೂ ಪರೀಕ್ಷೆಯ ನೆಪದಿಂದ ಮಗಳನ್ನು ತಡೆಯದಿರಲಿ. ವಾರಕ್ಕೆ ಎರಡು ತಾಸುಗಳಿಂದ ಯಾರ ಗಣಿತವೂ ಕೆಟ್ಟದ್ದನ್ನು ನಾವು ಕಂಡಿಲ್ಲ.

ಕಳೆದ ವಾರ ನಾವು ಇಬ್ಬರು ಆ ಅಕ್ಕನವರ ಮನೆಗೆ ಹೋಗಿದ್ದೆವು. ಬರುವೆನೆಂದೂ ಹೇಳಲಿಲ್ಲ, ಬಾರೆನೆಂದೂ ಹೇಳಲಿಲ್ಲ. ಚಹಾ ಕೊಟ್ಟರು. ಹೊರಡುವಾಗ ಆಲ್ಟೋ ಹಾಳೆಗಳನ್ನು ಮಾತ್ರ ನಮ್ಮ ಕೈಯಿಂದ ಇಸುಕೊಂಡು, ಕನ್ನಡಕ ಎಲ್ಲಿಟ್ಟೆನೆಂದು ಹುಡುಕತೊಡಗಿದರು.