ಹರಿದ ಪುಸ್ತಕಕ್ಕೆ ಹೆದರಬೇಡಿ

ಮಕ್ಕಳಿಗೆ ಪುಸ್ತಕ ಆರಿಸುವ ಶಿಕ್ಷಕರು ಮೊದಲು ಅದನ್ನು ದನಿ ತೆಗೆದು ಓದಿ ನೋಡಬೇಕು. ಮನಸ್ಸಿನಲ್ಲೇ ಓದಿಕೊಂಡರೆ ಸಾಲದು. ಲಿಂಗಸುಗೂರು ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವ ನಾನು ಯಾವ ಹೊಸ ಪುಸ್ತಕ ಬಂದರೂ ಒಂದೆರಡು ಪುಟ ಗಟ್ಟಿಯಾಗಿ ಓದುತ್ತೇನೆ. ವಾಕ್ಯ ಮುಗಿಯುವ ಮೊದಲೇ ನನಗೆ ಉಸಿರು ಸಾಲದಾದರೆ, ಮೂರನೇ ತರಗತಿಯ ಹುಡುಗಿಗೆ ಅದು ದಾಟಲಾಗದ ಹಳ್ಳ. ಚಿತ್ರ ಈ ಪುಟದಲ್ಲಿ, ಅದರ ಮಾತು ಮುಂದಿನ ಪುಟದಲ್ಲಿ ಇದ್ದರೂ ಕಷ್ಟವೇ. ಅಕ್ಷರ ಕೂಡಿಸಿ ಓದುವ ಮಗುವಿಗೆ ಚಿತ್ರವೇ ಆಸರೆ.

ನಮ್ಮಲ್ಲಿಗೆ ತಾಂಡಾದ ಮಕ್ಕಳು ಬರುತ್ತಾರೆ. ಮನೆಯಲ್ಲಿ ಅವರದು ಲಂಬಾಣಿ. ಬೀದಿಯಲ್ಲಿ ರಾಯಚೂರಿನ ಕನ್ನಡ. ಪುಸ್ತಕದ ಕನ್ನಡ ಮೂರನೆಯದು. ಇಂಥ ತರಗತಿಗೆ ಪಂಜೆ ಮಂಗೇಶರಾಯರ ‘ಹೇನು ಸತ್ತು ಕಾಗೆ ಬಡವಾಯಿತು’ ತರಹದ ಸರಪಳಿ ಕಥೆಯಷ್ಟು ಒದಗಿಬರುವುದು ಬೇರೆ ಇಲ್ಲ. ಹೇಳಿದ್ದೇ ಮತ್ತೆ ಬರುತ್ತದೆ, ಪ್ರತಿ ಸಲವೂ ಒಂದು ಕೊಂಡಿ ಸೇರುತ್ತದೆ. ಒಂದಷ್ಟು ಸಲ ಕೇಳುವ ಹೊತ್ತಿಗೆ, ಬಾಯಿ ಬಿಡದೆ ಕೂತಿದ್ದ ಮಗುವೂ ನನ್ನ ಜೊತೆ ದನಿಗೂಡಿಸುತ್ತದೆ. ಆಗ ಪುಸ್ತಕ ಅದರ ಕೈಗೆ ಕೊಡುತ್ತೇನೆ. ಬಾಯಿಗೆ ಬಂದ ಮಾತನ್ನು ಕಣ್ಣು ಪುಟದ ಮೇಲೆ ಹುಡುಕತೊಡಗುತ್ತದೆ. ಓದು ಶುರುವಾಗುವುದು ಅಲ್ಲಿ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಇಂಗ್ಲಿಷಿನ ಬ್ರೌನಿಂಗ್ ಪದ್ಯದಿಂದ ಹುಟ್ಟಿದ್ದು, ನಡೆಯುವುದು ತುಂಗೆಯ ದಡದಲ್ಲಿ. ಆ ಹೊಳೆಯನ್ನು ನೋಡದ ನಮ್ಮ ಮಕ್ಕಳೂ ಇಲಿಗಳ ದಂಡು ಹೊರಟಾಗ ನೆಲ ಬಡಿದು ತಾಳ ಹಾಕುತ್ತಾರೆ.

ಕಥೆ ಮುಗಿದ ಕೂಡಲೇ ‘ಇದರಿಂದ ಏನು ಕಲಿತಿರಿ?’ ಎಂದು ಕೇಳುವ ರೂಢಿಯನ್ನು ದಯವಿಟ್ಟು ಬಿಡೋಣ. ಆ ಪ್ರಶ್ನೆ ಕೇಳಿದೊಡನೆ ಮಕ್ಕಳ ಮುಖದಲ್ಲಿ ಪರೀಕ್ಷೆಯ ಕಳೆ ಬರುತ್ತದೆ. ದೊಡ್ಡ ಮಕ್ಕಳಿಗೆ ನಾನು ಜಪಾನಿನ ಶಾಲೆಯೊಂದರ ಕಥೆ ‘ತೊತ್ತೋಚಾನ್’ ಅನ್ನು ದಿನಕ್ಕೆ ಇಷ್ಟಿಷ್ಟೇ ಓದುತ್ತೇನೆ. ಪುಟ್ಟ ಹುಡುಗಿಯ ಮಾತನ್ನು ಹೆಡ್‌ಮಾಸ್ತರರು ನಾಲ್ಕು ಗಂಟೆ ಕೇಳುತ್ತಾ ಕೂರುತ್ತಾರೆ ಎಂದು ಓದಿ ಪುಸ್ತಕ ಮುಚ್ಚಿದರೆ, ಗಂಟೆ ಹೊಡೆದರೂ ಯಾರೂ ಏಳುವುದಿಲ್ಲ. “ಟೀಚರ್, ಮುಂದೇನಾತ್ರೀ?” ಎನ್ನುತ್ತಾರೆ. ನನಗೆ ಬೇಕಾದ ಉತ್ತರ ಆ ಪ್ರಶ್ನೆಯಲ್ಲೇ ಇದೆ.

ಆ ಜಪಾನಿ ಶಾಲೆಯಲ್ಲಿ ಹಳೆಯ ರೈಲು ಡಬ್ಬಿಯೇ ಗ್ರಂಥಾಲಯ. ಇಂಥ ತರಗತಿಯವರಿಗೆ ಇಂಥ ಪುಸ್ತಕ ಎಂಬ ಕಟ್ಟುಪಾಡು ಅಲ್ಲಿಲ್ಲ, ಯಾರು ಯಾವಾಗ ಬೇಕಾದರೂ ಬರಬಹುದು. ನಮ್ಮ ಎಷ್ಟೋ ಶಾಲೆಗಳಲ್ಲಿ ಪುಸ್ತಕಗಳಿರುವುದು ಆಫೀಸ್ ರೂಮಿನ ಬೀರುವಿನಲ್ಲಿ, ಬೀಗ ಹಾಕಿ. ನಮ್ಮ ಶಿಕ್ಷಕರಿಗೆ ಓದಿನ ಪ್ರೀತಿ ಇಲ್ಲವೆಂದಲ್ಲ. ದಾಸ್ತಾನು ಪುಸ್ತಕದ ಭಯ. ಹರಿದರೆ, ಕಳೆದರೆ ಹೊಣೆ ಯಾರು? ತಮ್ಮ ಸಂಬಳದಿಂದ ಕಟ್ಟಬೇಕಾದೀತು ಎಂದು ಅಂಜುವವರನ್ನು ನಾನು ಬಲ್ಲೆ. ಮಕ್ಕಳ ಕೈಯಲ್ಲಿ ಓಡಾಡಿದ ಪುಸ್ತಕ ಹರಿಯಲೇಬೇಕು. ತಪಾಸಣೆಗೆ ಬರುವ ಅಧಿಕಾರಿಗಳು ಎಷ್ಟು ಪುಸ್ತಕ ಇವೆ ಎಂದು ಎಣಿಸುವ ಬದಲು ಯಾವುದರ ರಟ್ಟು ಕಿತ್ತುಹೋಗಿದೆ ಎಂದು ನೋಡಲಿ. ಮುಂದಿನ ಸಲ ಯಾವುದನ್ನು ಎರಡು ಪ್ರತಿ ಕೊಳ್ಳಬೇಕೆಂದು ಅದೇ ಹೇಳುತ್ತದೆ.

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಗ್ರಂಥಾಲಯಕ್ಕೆಂದೇ ವಾರ್ಷಿಕ ಅನುದಾನಕ್ಕೆ ಅವಕಾಶವಿದೆ: ಕಿರಿಯ ಪ್ರಾಥಮಿಕ ಶಾಲೆಗೆ 5,000 ರೂಪಾಯಿ, ಒಂದರಿಂದ ಎಂಟರವರೆಗಿನ ಶಾಲೆಗೆ 13,000 ರೂಪಾಯಿವರೆಗೆ. ಸಣ್ಣ ಮೊತ್ತವೇನಲ್ಲ. ಆದರೆ ಮಾರ್ಚಿನ ಗಡಿಬಿಡಿಯಲ್ಲಿ ಖರ್ಚು ಮಾಡಲು ಕೂತರೆ ಯಾರೋ ಕಟ್ಟಿಟ್ಟ ಬಂಡಲ್ ಬರುತ್ತದೆ. ಅದರಲ್ಲಿ ಮಹಾಪುರುಷರ ಚರಿತ್ರೆಗಳೇ ಹೆಚ್ಚು. ಇರುವೆಸಾಲಿನಂಥ ಅಕ್ಷರ, ಇಸವಿಗಳ ಪಟ್ಟಿ. ಜೀವನಚರಿತ್ರೆ ಹಾಗೇ ಇರಬೇಕಾಗಿಲ್ಲ. ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ಗೆ 2010ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು, ಏಳನೆಯವರಿಗೆ ನಾನು ಮೊದಲು ಕೊಡುವುದು ಅದನ್ನೇ. ಹಣ ಜೂನ್‌ನಲ್ಲೇ ಬರಲಿ, ಆರಿಸಲು ಶಿಕ್ಷಕರಿಗೆ ಒಂದು ದಿನ ಓಓಡಿ, ಅಂದರೆ ಶಾಲೆಯ ಹೊರಗಿನ ಕರ್ತವ್ಯಕ್ಕೆ ಅನುಮತಿ, ಸಿಗಲಿ. ಅಂಗಡಿಗೆ ಹೋಗಿ, ಪುಟ ತಿರುವಿ, ನಾಲ್ಕು ಸಾಲು ಓದಿ ತರಲಿ. ಅಲ್ಲಿಯವರೆಗೂ ಕಾಯಬೇಕಿಲ್ಲ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡದ ಕಥೆಗಳು ಓದಿನ ಮಟ್ಟಕ್ಕೆ ತಕ್ಕಂತೆ ಉಚಿತವಾಗಿ ಸಿಗುತ್ತವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಸದಸ್ಯತ್ವ ಮಕ್ಕಳಿಗೆ ಉಚಿತ. ಶನಿವಾರ ಶಾಲೆ ಬಿಟ್ಟ ಮೇಲೆ ಅವರನ್ನು ಅಲ್ಲಿಗೆ ನಡೆಸಿಕೊಂಡು ಹೋಗಲು ಯಾರ ಆದೇಶವೂ ಬೇಡ.

ದೀಪಾವಳಿ ಕಳೆದ ಮೇಲೆ ನಮ್ಮ ಕಡೆಯ ಎಷ್ಟೋ ಮನೆಯವರು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ಮಕ್ಕಳೂ ಜೊತೆಗೆ. ಅವರ ಚೀಲದಲ್ಲಿ ನಾನು ಕಥೆ ಪುಸ್ತಕ ಇಟ್ಟು ಕಳಿಸುತ್ತೇನೆ. ಎಲ್ಲವೂ ಮರಳಿ ಬರುವುದಿಲ್ಲ. ಅಂಥವನ್ನೂ ಹರಿದವನ್ನೂ ಮುಖ್ಯಶಿಕ್ಷಕರ ಸಹಿಯಲ್ಲೇ ದಾಸ್ತಾನಿನಿಂದ ತೆಗೆದುಹಾಕಬಹುದು ಎಂದು ಇಲಾಖೆ ಸ್ಪಷ್ಟವಾಗಿ ಒಂದು ಸುತ್ತೋಲೆ ಹೊರಡಿಸಲಿ. ಅದಕ್ಕೆ ಹೊಸ ಅನುದಾನವೇನೂ ಬೇಕಿಲ್ಲ.