ತಪ್ಪನ್ನು ತೋರಿಸುವ ಹೊತ್ತು



ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಯ ಬಳಿಕ ಮಕ್ಕಳಿಗೆ ಒಂದು ಗಂಟೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತಿರುವುದನ್ನು ತಾವೆಲ್ಲ ಬಲ್ಲಿರಿ. ಮಕ್ಕಳು ಬರೆದ ಕೋಡನ್ನು ಪರೀಕ್ಷಿಸಿ ದೋಷ ತೋರಿಸುವ ಸಿದ್ಧ ತಂತ್ರಾಂಶವೊಂದಕ್ಕೆ ಚಂದಾ ಕಟ್ಟಬೇಕೆ ಎಂಬ ಪ್ರಶ್ನೆ ಈಗ ಕಾರ್ಯಕಾರಿ ಸಮಿತಿಯ ಮುಂದಿದೆ. ಆ ತಂತ್ರಾಂಶವು ಪ್ರತಿ ಮಗುವಿನ ತಪ್ಪುಗಳ ಪಟ್ಟಿಯನ್ನು ವಾರಕ್ಕೊಮ್ಮೆ ಪೋಷಕರಿಗೆ ಮಿಂಚಂಚೆಯಲ್ಲಿ ಕಳುಹಿಸುತ್ತದೆ. ಅದು ಬೇಡ, ಅಂಥದೊಂದು ಚಿಕ್ಕ ಸಾಧನವನ್ನು ಮಕ್ಕಳೊಡನೆ ಕೂಡಿ ನಾವೇ ಕಟ್ಟೋಣ ಎಂಬುದು ನಮ್ಮ ಅಭಿಪ್ರಾಯ. ವೈದ್ಯರಿಗೇಕೆ ಈ ಉಸಾಬರಿ ಎನ್ನುವವರಿಗೆ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಸುತ್ತೇವೆ.

ಬಹಳ ವರ್ಷಗಳ ಹಿಂದೆ ನಾವು ದುಡಿಯುತ್ತಿದ್ದ ಆಸ್ಪತ್ರೆಯಲ್ಲಿ ಔಷಧ ಬರೆಯುವಾಗಲೆಲ್ಲ ಗಣಕಪರದೆಯ ಮೇಲೆ ಎಚ್ಚರಿಕೆಗಳು ಮೂಡುತ್ತಿದ್ದವು. ಪ್ಯಾರಾಸಿಟಮಾಲ್ ಬರೆದರೂ ಎಚ್ಚರಿಕೆ, ಲವಣದ್ರಾವಣ ಬರೆದರೂ ಎಚ್ಚರಿಕೆ. ದಿನಕಳೆದಂತೆ ಓದದೆಯೇ ‘ಸರಿ’ ಒತ್ತುವುದು ಬೆರಳಿಗೆ ಅಭ್ಯಾಸವಾಯಿತು. ಒಂದು ಸಂಜೆ ವಾರ್ಫರಿನ್ ಸೇವಿಸುತ್ತಿದ್ದ ಹಿರಿಯರೊಬ್ಬರಿಗೆ ಕ್ಲಾರಿಥ್ರೊಮೈಸಿನ್ ಬರೆದೆವು. ಇವೆರಡೂ ಕೂಡಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆಂದು ನಮಗೆ ತಿಳಿಯದ್ದೇನಲ್ಲ. ಪರದೆಯೂ ಎಚ್ಚರಿಸಿತ್ತು. ಬೆರಳು ‘ಸರಿ’ ಒತ್ತಿತ್ತು. ಔಷಧಾಲಯದ ಸಹೋದ್ಯೋಗಿಯೊಬ್ಬರು ದೂರವಾಣಿ ಮಾಡದಿದ್ದರೆ ಆ ಹಿರಿಯರ ಗತಿ ಏನಾಗುತ್ತಿತ್ತೋ. ‘ತೋಳ ಬಂತು ತೋಳ’ ಎಂದು ದಿನವೂ ಕೂಗುವ ಸಾಧನದ ಮಾತನ್ನು ನಿಜವಾದ ತೋಳ ಬಂದಾಗಲೂ ಯಾರೂ ಕೇಳರೆಂಬ ಪಾಠವನ್ನು ಅಂದು ಕಲಿತೆವು.

ತಂತ್ರಾಂಶ ಲೋಕಕ್ಕೂ ಇದೇ ಪಾಠ ದೊರೆತಿದೆ. 1978ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ ಅವರು ಸಿ ಭಾಷೆಯ ಕೋಡನ್ನು ಓದಿ ಸಂಶಯಾಸ್ಪದ ಸಾಲುಗಳನ್ನು ತೋರಿಸುವ ‘ಲಿಂಟ್’ ಎಂಬ ಸಾಧನವನ್ನು ವಿವರಿಸಿದರು. ಬಟ್ಟೆಗೆ ಅಂಟಿದ ನೂಲಿನ ಎಳೆಗಳನ್ನು ಹೆಕ್ಕುವ ಕೆಲಸವೆಂಬ ಭಾವ ಆ ಹೆಸರಿನಲ್ಲಿದೆ. ಅಂದಿನಿಂದ ಇಂಥ ಸಾಧನಗಳ ಜಾಣ್ಮೆ ಬಹಳ ಬೆಳೆದಿದೆ. ಆದರೆ ಅವುಗಳ ಸಾರ್ಥಕತೆಯನ್ನು ಜಾಣ್ಮೆಯೊಂದೇ ನಿರ್ಧರಿಸಲಿಲ್ಲ.

ಲಂಡನ್ನಿನ ಮೊನೊಯಿಡಿಕ್ಸ್ ಎಂಬ ಚಿಕ್ಕ ಸಂಸ್ಥೆಯನ್ನು ಫೇಸ್‌ಬುಕ್ 2013ರಲ್ಲಿ ಕೊಂಡುಕೊಂಡಿತು. ಆ ಸಂಸ್ಥೆಯ ‘ಇನ್ಫರ್’ ಎಂಬ ಕೋಡ್ ವಿಶ್ಲೇಷಕವನ್ನು ಆರಂಭದಲ್ಲಿ ರಾತ್ರಿಯಿಡೀ ಓಡಿಸಿ, ದೋಷಗಳ ಪಟ್ಟಿಯನ್ನು ಎಂಜಿನಿಯರುಗಳಿಗೆ ಒಪ್ಪಿಸಲಾಯಿತು. ತಿದ್ದುಪಡಿಯಾದದ್ದು ಹೆಚ್ಚುಕಡಿಮೆ ಶೂನ್ಯ. ಬಳಿಕ, ಎಂಜಿನಿಯರ್ ತನ್ನ ಬದಲಾವಣೆಯನ್ನು ಪರಿಶೀಲನೆಗೆ ಸಲ್ಲಿಸಿದಾಗಲೇ ಆ ಸಾಲಿನ ಪಕ್ಕದಲ್ಲಿ ಟಿಪ್ಪಣಿ ಮೂಡುವಂತೆ ಮಾಡಿದರು. ತಿದ್ದುವ ಪ್ರಮಾಣ ಶೇ. 70ಕ್ಕೆ ಏರಿತೆಂದು ಅವರೇ 2019ರಲ್ಲಿ ಬರೆದಿದ್ದಾರೆ. ವಿಶ್ಲೇಷಣೆ ಅದೇ, ಹುಸಿ ಎಚ್ಚರಿಕೆಗಳ ಪ್ರಮಾಣವೂ ಅದೇ. ಬದಲಾದದ್ದು ಹೇಳುವ ಹೊತ್ತು ಮಾತ್ರ. ಗೂಗಲ್‌ನ ‘ಟ್ರೈಕಾರ್ಡರ್’ ವ್ಯವಸ್ಥೆಯು ಪ್ರತಿ ಎಚ್ಚರಿಕೆಯ ಜೊತೆಗೆ ‘ಇದು ಉಪಯುಕ್ತವಲ್ಲ’ ಎಂದು ಹೇಳುವ ಗುಂಡಿಯನ್ನೂ ಇಟ್ಟಿತು. ಬಳಸುವವರಿಗೆ ನಿರುಪಯುಕ್ತವೆನಿಸುವ ಎಚ್ಚರಿಕೆಗಳು ಶೇ. 10ನ್ನು ಮೀರಬಾರದೆಂಬುದು ಅದರ ನಿಯಮ.

ಮಿಂಚಿ ಹೋದ ಕಾಲಕ್ಕೆ ಚಿಂತಿಸಿ ಫಲವಿಲ್ಲ. ಭಾನುವಾರ ಮಾಡಿದ ತಪ್ಪಿನ ಪಟ್ಟಿ ಶನಿವಾರ ತಾಯಿಯ ಕೈ ಸೇರಿದರೆ ಮಗುವಿಗೆ ದೊರೆಯುವುದು ಬೈಗುಳವೇ ಹೊರತು ಅರಿವಲ್ಲ. ಕಳೆದ ತಿಂಗಳು ಹನ್ನೊಂದು ವರ್ಷದ ಬಾಲೆಯೊಬ್ಬಳು, ಹತ್ತು ಸಾಲಿನ ಕೋಡಿಗೆ ಪರದೆಯ ತುಂಬ ಕೆಂಪು ಗೆರೆಗಳನ್ನು ಕಂಡು, “ಅಂಕಲ್, ನನಗೆ ಇದು ಬರಲ್ಲ” ಎಂದು ಮಡಿಕೆಗಣಕವನ್ನು ಮುಚ್ಚಿದಳು. ಆಕೆ ಮುಂದಿನ ವಾರ ಬರಲಿಲ್ಲ. ಅವಳ ಕೋಡಿನಲ್ಲಿದ್ದ ನಿಜವಾದ ದೋಷ ಒಂದೇ. ಉಳಿದವು ಖಾಲಿ ಜಾಗ, ಸಾಲಿನ ಉದ್ದಗಳನ್ನು ಕುರಿತ ತಕರಾರುಗಳು.

ಇಂಥ ಸಾಧನವನ್ನು ಕಟ್ಟುವುದು ಮಕ್ಕಳ ಅಳವನ್ನು ಮೀರಿದ್ದೇ? ಅಲ್ಲವೆಂದು ನಮ್ಮ ನಂಬಿಕೆ. ನಾವು ಶಾಲೆಯಲ್ಲಿ ವಾಕ್ಯವನ್ನು ಕರ್ತೃ, ಕರ್ಮ, ಕ್ರಿಯಾಪದಗಳಾಗಿ ಬಿಡಿಸಿದಂತೆಯೇ ಪೈಥಾನ್ ಭಾಷೆಯ ‘ಎಎಸ್‌ಟಿ’ ಎಂಬ ಭಾಗವು ಕೋಡನ್ನು ಕೊಂಬೆರೆಂಬೆಗಳ ಮರವಾಗಿ ಬಿಡಿಸಿಕೊಡುತ್ತದೆ. ಆ ಮರವನ್ನು ಸುತ್ತಿ, ಹೆಸರಿಟ್ಟೂ ಬಳಸದ ಚರಗಳನ್ನು ಹುಡುಕಲು ಕೆಲವೇ ಸಾಲುಗಳು ಸಾಕು. ನಮ್ಮ ಸಲಹೆ ಇಷ್ಟೇ: ನಾಲ್ಕೇ ನಿಯಮಗಳಿರಲಿ, ಒಮ್ಮೆಗೆ ಒಂದೇ ಎಚ್ಚರಿಕೆ ಮೂಡಲಿ, ಬರೆಯುತ್ತಿರುವಾಗಲೇ ಮೂಡಲಿ, ಮತ್ತು ಕನ್ನಡದಲ್ಲಿರಲಿ. “ಈ ಹೆಸರನ್ನು ಇಟ್ಟೆ, ಎಲ್ಲಿಯೂ ಬಳಸಲಿಲ್ಲ. ಮರೆತೆಯಾ ಪುಟ್ಟಾ?” ಎಂದು ಅದು ಕೇಳಲಿ.

ಕನ್ನಡವೆಂದೊಡನೆ ಒಂದು ಸೊಗಸಾದ ತೊಡಕೂ ಎದುರಾಗುತ್ತದೆ. ಪೈಥಾನ್ 3ರಲ್ಲಿ ಚರಗಳಿಗೆ ಕನ್ನಡದ ಹೆಸರಿಡಬಹುದು. ಆದರೆ ‘ಕನ್ನಡ’ ಎಂಬ ಪದ ನಮ್ಮ ಕಣ್ಣಿಗೆ 3 ಅಕ್ಷರ, ಯೂನಿಕೋಡ್‌ಗೆ 5 ಸಂಕೇತ, ಯುಟಿಎಫ್-8ರಲ್ಲಿ 15 ಬೈಟ್. ಎಎಸ್‌ಟಿ ಸ್ಥಾನವನ್ನು ಬೈಟ್‌ಗಳಲ್ಲಿ ಎಣಿಸುವುದರಿಂದ, ಆ ಲೆಕ್ಕವನ್ನು ಸರಿಪಡಿಸದಿದ್ದರೆ ಬಾಣದ ಗುರುತು ದೋಷವಿರುವ ಜಾಗವನ್ನು ಬಿಟ್ಟು ಎಲ್ಲೋ ಬಲಗಡೆ ನಿಲ್ಲುತ್ತದೆ. ಇದನ್ನು ಬಿಡಿಸುವ ಮಗು ಒತ್ತಕ್ಷರದ ರಚನೆಯನ್ನೂ ಗಣಕದ ಲೆಕ್ಕವನ್ನೂ ಒಟ್ಟಿಗೆ ಕಲಿಯುತ್ತದೆ. ಕನ್ನಡ ಸಂಘದ ತರಗತಿಗೆ ಇದಕ್ಕಿಂತ ಒಪ್ಪುವ ಪಾಠ ಯಾವುದಿದ್ದೀತು?

ಮುಂದೆ ಉದ್ಯೋಗದಲ್ಲಿ ಇಂಗ್ಲಿಷ್ ಎಚ್ಚರಿಕೆಗಳೇ ಎದುರಾಗುವುದಲ್ಲವೇ ಎಂದು ಕೆಲವರು ಕೇಳಿದ್ದಾರೆ. ಇಲ್ಲಿ ಬೆಳೆಯುವ ಮಕ್ಕಳಿಗೆ ಇಂಗ್ಲಿಷಿನ ಕೊರತೆಯಾಗದು. ಕೋಡನ್ನು ಕೃತಕ ಬುದ್ಧಿಮತ್ತೆಯೇ ಬರೆಯುವಾಗ ಇದೇಕೆ ಎಂಬುದು ಇನ್ನೊಂದು ಆಕ್ಷೇಪ. ಯಂತ್ರ ಬರೆದುಕೊಟ್ಟದ್ದು ಸರಿಯೇ ಎಂದು ಕೇಳಬಲ್ಲವರು ಇನ್ನು ಮುಂದೆ ಹೆಚ್ಚು ಬೇಕಾಗುತ್ತಾರೆ. ಇಂಥ ಸಾಧನಕ್ಕೂ ಮಿತಿಯುಂಟೆಂದು ಮಕ್ಕಳಿಗೆ ಹೇಳಲೇಬೇಕು. ಯಾವುದೇ ಪ್ರೋಗ್ರಾಮ್ ಎಂದಾದರೂ ನಿಲ್ಲುವುದೇ ಎಂದು ಎಲ್ಲ ಸಂದರ್ಭಗಳಲ್ಲೂ ಹೇಳಬಲ್ಲ ಸಾಮಾನ್ಯ ವಿಧಾನವಿಲ್ಲವೆಂಬ ತಿಳಿವು ಅಲನ್ ಟ್ಯೂರಿಂಗ್ ಅವರ 1936ರ ಪ್ರಬಂಧದಿಂದ ಹುಟ್ಟಿದ್ದು. ರಕ್ತಪರೀಕ್ಷೆ ಸರಿಯಿದ್ದ ಮಾತ್ರಕ್ಕೆ ರೋಗವಿಲ್ಲವೆಂದು ನಾವು ಹೇಳುವುದಿಲ್ಲ. ಕೆಂಪು ಗೆರೆಯಿಲ್ಲದ ಕೋಡಿಗೂ ಅದೇ ಮಾತು ಸಲ್ಲುತ್ತದೆ.

ಆದುದರಿಂದ ಚಂದಾ ಹಣವನ್ನು ಉಳಿಸಿ, ತಂತ್ರಾಂಶ ವೃತ್ತಿಯಲ್ಲಿರುವ ಸದಸ್ಯರು ತಿಂಗಳಿಗೆ ಎರಡು ಭಾನುವಾರಗಳನ್ನು ನೀಡಬೇಕೆಂದು ಪ್ರಾರ್ಥಿಸುತ್ತೇವೆ. ಎಚ್ಚರಿಕೆಯ ಕನ್ನಡ ವಾಕ್ಯಗಳನ್ನು ಬರೆಯಲು ಅಜ್ಜ-ಅಜ್ಜಿಯರ ನೆರವೂ ಬೇಕು. ಮೊದಲ ಆವೃತ್ತಿ ಸಿದ್ಧವಾದ ದಿನ ಆ ಬಾಲೆಯ ಮನೆಗೆ ನಾವೇ ಹೋಗಿ ಅವಳನ್ನು ಕರೆಯುತ್ತೇವೆ. ಅದನ್ನು ಮೊದಲು ಪರೀಕ್ಷಿಸುವ ಹಕ್ಕು ಅವಳದು.